ಆಟದ ಮಣೆಯೂ ಭೂಪಟವೂ

ಹೆಣ್ಣುಮಕ್ಕಳು ಮಣೆಯ ಮುಂದೆ ಕುಳಿತು ಆಡುವುದು ಕಾಲಹರಣವೆಂದು ತಂದೆತಾಯಿಗಳಲ್ಲಿ ಅನೇಕರು ಎಣಿಸುತ್ತಾರೆ. ಕವಡೆಯನ್ನೂ ದಾಳವನ್ನೂ ಜೂಜಿನೊಡನೆ ಸೇರಿಸಿ ದೂರವಿಡುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಜೂಜು ನಿಂದ್ಯವೇ ಸರಿ. ಅದರೊಡನೆ ಆಡು-ಹುಲಿ ಆಟವನ್ನೂ ಹೊರಗೆ ಹಾಕುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಆ ಆಟದಲ್ಲಿ ದಾಳವಿಲ್ಲ. 3 ಹುಲಿ, 15 ಆಡು, ಗೆರೆಗಳು ಕೂಡುವ 23 ಸ್ಥಾನಗಳು; ಇಷ್ಟೆ. ಎರಡು ಸ್ಥಾನಗಳು ಕಣ್ಣಿಗೆ ಎಷ್ಟೇ ಹತ್ತಿರವಾಗಿ ಕಂಡರೂ ನಡುವೆ ಗೆರೆಯಿಲ್ಲದಿದ್ದರೆ ಅವು ದೂರವೇ. ಭೂಪಟವನ್ನು ಓದುವವಳು ಮೊದಲು ಅರಿಯಬೇಕಾದುದು ಇದನ್ನೇ. ನಮ್ಮ ಬಾಲಿಕೆಯರು ಹೇಮಾವತಿಯ ಉಗಮವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಹಾಸನದಿಂದ ಅರಕಲಗೂಡಿಗೆ ಹೋಗುವವಳು ಆ ಹೊಳೆಯನ್ನು ಎಲ್ಲಿ ದಾಟಬೇಕೆಂದು ಕೇಳಿದರೆ ಮೌನ.

ಚದುರಂಗದ ಮಣೆ ಘನವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅದರ 64 ಮನೆಗಳಲ್ಲಿ ಕುದುರೆಯನ್ನು ಒಂದೊಂದು ಸಲ ಮಾತ್ರ ನಡೆಸುವ ಬಂಧಗಳನ್ನು ರಚಿಸಿದರು. ಆದರೆ ಭೂಪಟಕ್ಕೆ ಆ ಚೌಕಗಳು ಒಗ್ಗುವುದಿಲ್ಲ. ಮನೆಯೊಂದಕ್ಕೆ 10 ಕಿಲೋಮೀಟರ್ ಎಂದಿಟ್ಟುಕೊಂಡರೆ ನೇರ ನಡೆ 10, ಮೂಲೆಯ ನಡೆ 14ಕ್ಕೂ ಮಿಕ್ಕು. ರಾಜನಿಗಾದರೋ ಎರಡೂ ಒಂದೇ ಹೆಜ್ಜೆ. ಜೇನುಹಟ್ಟಿನಂತಹ ಷಟ್ಕೋನಗಳಲ್ಲಿ ಈ ವಂಚನೆಯಿಲ್ಲ: ನೆರೆಯ ಆರು ಮನೆಗಳ ನಡುಬಿಂದುಗಳೂ ಸಮದೂರ. ಆದುದರಿಂದಲೇ 1961ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಎಂಬ ಯುದ್ಧದಾಟದ ಪಟಕ್ಕೂ, 2010ರಲ್ಲಿ ಸಿವಿಲೈಸೇಷನ್ ಎಂಬ ಕಂಪ್ಯೂಟರ್ ಆಟದ ಐದನೆಯ ಆವೃತ್ತಿಗೂ ಷಟ್ಕೋನಗಳು ಬಂದವು. ಎರಡನೆಯದನ್ನು ನಿಮ್ಮ ಗಂಡುಮಕ್ಕಳು ಬಲ್ಲರು. ಅದನ್ನು ಆಡುವಾಗ ಅವರನ್ನು ಯಾರೂ ನೀರು ತರಲು ಎಬ್ಬಿಸುವುದಿಲ್ಲ.

ನಾನು ಬೇಡುವುದು ವೆಚ್ಚದ ಕೆಲಸವಲ್ಲ. ಕೈವಾರದ ಅಳತೆಯನ್ನು ಬದಲಿಸದೆ ವೃತ್ತದ ಅಂಚಿನಲ್ಲಿ ಆರು ಗುರುತುಗಳನ್ನಿಟ್ಟು ಸೇರಿಸಿದರೆ ಷಟ್ಕೋನವಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಪಟವನ್ನು ಹೀಗೆ ತುಂಬಿ, ವಾರಕ್ಕೊಂದು ಸಂಜೆ ಮಗಳೊಡನೆ ಕುಳಿತು ಕಾಯಿ ನಡೆಸಿರಿ. ರಸ್ತೆಯಿರುವ ಮನೆಗೆ ಒಂದು ನಡೆ, ಗುಡ್ಡಕ್ಕೆ ಎರಡು. ಹೊಳೆಯನ್ನು ಮನೆಗಳ ನಡುವಣ ಅಂಚಿನ ಮೇಲೆ ಬರೆಯಬೇಕು. ಸೇತುವೆಯ ಗುರುತಿರುವ ಅಂಚಿನಲ್ಲಿ ಮಾತ್ರ ದಾಟಬಹುದು.

ಗೊರೂರಿನ ಜಲಾಶಯದ ಬಳಿ ಆಟ ಕಠಿನವಾಗುತ್ತದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಸುತ್ತ ಮಳೆಗಾಲದಲ್ಲಿ ನೀರು, ಬೇಸಗೆಯಲ್ಲಿ ನೆಲ. ಆ ಮನೆಗೆ ಯಾವ ನಿಯಮವೆಂಬುದನ್ನು ಹುಡುಗಿಯರೇ ವಾದಿಸಿ ನಿಶ್ಚಯಿಸಲಿ. ದೊಡ್ಡವರು ನಡುವೆ ಬಾಯಿ ಹಾಕಬೇಡಿರಿ.