ಒಕ್ಕಲಿಲ್ಲದ ಮನೆ

ಬಾಡಿಗೆಯ ಮನೆಯೆಂದರೆ ಮೇಷ್ಟರುಗಳಿಗೆ ಹೊಸ ಸಂಗತಿಯಲ್ಲ. ವರ್ಗವಾದ ಊರಿನಲ್ಲೆಲ್ಲ ಮನೆ ಹುಡುಕಿ, ಮುಂಗಡ ತೆತ್ತು, ಹಾಲುಕ್ಕಿಸಿ, ನೆರೆಯವರ ಪರಿಚಯವಾಗುವ ಹೊತ್ತಿಗೆ ಮತ್ತೊಂದು ಊರಿನ ಆಜ್ಞೆ ಬಂದಿರುತ್ತದೆ. ಆದರೆ ಕೇವಲ ಆರು ದಿನಗಳ ಮಟ್ಟಿಗೆ, ಅದೂ ಇಟಲಿಯ ಒಂದು ಪ್ರಾಚೀನ ನಗರದಲ್ಲಿ, ಮನೆ ಹಿಡಿಯುವ ಯೋಗ ನನಗೆ ಒದಗಿದ್ದು 2019ರ ಮೇ ತಿಂಗಳ ರಜೆಯಲ್ಲಿ. ಈಚೆಗೆ ಸಹೋದ್ಯೋಗಿಗಳೂ ಹಳೆಯ ಶಿಷ್ಯರೂ ಅಲ್ಲಿ ಮನೆ ಹಿಡಿಯುವ ಬಗೆಯನ್ನು ನನ್ನಲ್ಲಿ ವಿಚಾರಿಸುತ್ತಿದ್ದಾರೆ. ಅವರಿಗೆ ಬಾಯಲ್ಲಿ ಹೇಳಲು ಸಂಕೋಚವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಹೋದದ್ದು ಟಸ್ಕನಿ ಪ್ರಾಂತ್ಯದ ಸಿಯೆನಾ ನಗರಕ್ಕೆ. ಅಲ್ಲಿಯ ವಿಶ್ವವಿದ್ಯಾನಿಲಯ 1240ರಷ್ಟು ಹಿಂದಿನದು. ನನ್ನ ಅಕ್ಕನ ಮಗ ಆಗ ಅದರಲ್ಲಿ ವಿದ್ಯಾರ್ಥಿಯಾಗಿದ್ದ. ಅಂತರಜಾಲದಲ್ಲಿ ಚಿತ್ರಗಳನ್ನು ನೋಡಿ ಕೋಟೆಗೋಡೆಯ ಒಳಗಿನ ಮನೆಯೊಂದನ್ನು ನಾನೇ ಗೊತ್ತುಮಾಡಿ, ವಿಳಾಸವನ್ನು ಅವನಿಗೆ ತಿಳಿಸಿದ್ದೆ. ‘ಒಳ್ಳೆಯ ಬೀದಿ ಮಾವ’ ಎಂದಷ್ಟೇ ಉತ್ತರ ಬಂದಿತ್ತು.

ಮನೆಯ ಯಜಮಾನರನ್ನು ನಾವು ಕೊನೆಯವರೆಗೂ ಕಾಣಲಿಲ್ಲ. ಅತಿಥಿಗಳ ವಿವರವನ್ನು ಪೊಲೀಸರಿಗೆ ಒಪ್ಪಿಸಬೇಕೆಂಬುದು ಅಲ್ಲಿಯ ಕಾನೂನು. ಅದಕ್ಕಾಗಿ ಪಾಸ್‌ಪೋರ್ಟಿನ ಪ್ರತಿಗಳನ್ನು ಮುಂಚೆಯೇ ಕಳುಹಿಸಿದ್ದೆವು. ತಲೆಗಿಷ್ಟು, ರಾತ್ರಿಗಿಷ್ಟು ಎಂದು ನಗರದ ತೆರಿಗೆ ಬೇರೆ. ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಕಬ್ಬಿಣದ ಪೆಟ್ಟಿಗೆ. ತಿಳಿಸಿದ್ದ ಅಂಕಿಗಳನ್ನು ಕೂಡಿಸಿದರೆ ಅದು ಬಾಯಿ ತೆರೆದು ಬೀಗದ ಕೈಯನ್ನು ಕೊಡುತ್ತಿತ್ತು. ಇಷ್ಟೇ ನಮ್ಮ ಗೃಹಪ್ರವೇಶ. ಕಲ್ಲಿನ ಮೆಟ್ಟಲುಗಳನ್ನು ಹತ್ತಿ ಮೂರನೆಯ ಮಹಡಿಗೆ ಹೋದರೆ, ಸುಟ್ಟ ಇಟ್ಟಿಗೆಯ ನೆಲ, ದಪ್ಪ ಮರದ ತೊಲೆಗಳು, ಹಸುರು ಬಣ್ಣದ ಕಿಟಕಿ ಬಾಗಿಲುಗಳು. ಸಂಜೆಯಲ್ಲಿ ಬಾನಾಡಿಗಳು ಕೂಗುತ್ತ ಛಾವಣಿಗಳ ಮೇಲೆ ಸುಳಿದಾಡುತ್ತಿದ್ದುವು. ಊರಿನ ನಡುಭಾಗಕ್ಕೆ 1960ರ ದಶಕದಲ್ಲಿಯೇ ಮೋಟಾರುಗಳ ಸಂಚಾರವನ್ನು ನಿರ್ಬಂಧಿಸಿದ್ದರಿಂದ ಮನುಷ್ಯರ ಹೆಜ್ಜೆಯ ಸಪ್ಪಳವೂ ಮೇಲಕ್ಕೆ ಕೇಳುತ್ತಿತ್ತು.

ಹೋಟಲಿನಲ್ಲಿ ಇಳಿದವನು ಪರಸ್ಥಳದವನು. ಮನೆ ಹಿಡಿದವನು ಊರಿನವನು ಎಂಬ ಭ್ರಮೆ ಎಷ್ಟು ಸುಲಭವಾಗಿ ಹತ್ತುತ್ತದೆ! ನನ್ನ ಹೆಂಡತಿ ಸೊಪ್ಪು ತರಕಾರಿ ಕೊಂಡು ತಂದು ಹುಳಿ ಮಾಡಿದಳು. ಆ ಪ್ರಾಂತ್ಯದ ರೊಟ್ಟಿಗೆ ಉಪ್ಪು ಹಾಕುವ ಪದ್ಧತಿಯಿಲ್ಲ. ‘ಪಾಪ, ಮರೆತಿದ್ದಾರೆ’ ಎಂದು ಎರಡು ದಿನ ಅಂಗಡಿಯವನನ್ನು ಕ್ಷಮಿಸಿದಳು. ಮೂರನೆಯ ದಿನಕ್ಕೆ ನಾವು ಸಿಯೆನಾದವರೇ ಆಗಿದ್ದೆವು.

ನಾಲ್ಕನೆಯ ದಿನ ಸೋದರಳಿಯ ನಮ್ಮನ್ನು ನಗರಸಭಾಭವನಕ್ಕೆ ಕರೆದೊಯ್ದ. ಊರನ್ನು ಆಳುತ್ತಿದ್ದ ‘ಒಂಬತ್ತು ಮಂದಿ’ ಕುಳಿತು ಆಲೋಚಿಸುತ್ತಿದ್ದ ಕೋಣೆ ಅಲ್ಲಿದೆ. ಅದರ ಗೋಡೆಗಳ ಮೇಲೆ ಆಂಬ್ರೋಜಿಯೋ ಲೊರೆಂಜೆಟ್ಟಿ 1338-39ರಲ್ಲಿ ಸುರಾಜ್ಯ ದುರಾಜ್ಯಗಳ ಫಲವನ್ನು ಚಿತ್ರಿಸಿದ್ದಾನೆ. ಸುರಾಜ್ಯದ ನಗರದಲ್ಲಿ ಅವನು ತೋರಿಸಿರುವುದು ಉತ್ಸವವನ್ನಲ್ಲ, ದಿಗ್ವಿಜಯವನ್ನಲ್ಲ, ಜನ ಬಾಳುತ್ತಿರುವುದನ್ನು. ಜೋಡು ಮಾರುವವನಿದ್ದಾನೆ, ಛಾವಣಿಯ ಮೇಲೆ ಗಾರೆಯವರು ಕೆಲಸಮಾಡುತ್ತಿದ್ದಾರೆ, ಹೇರು ಹೊತ್ತ ಪ್ರಾಣಿಗಳು ಬರುತ್ತಿವೆ, ಬೀದಿಯಲ್ಲಿ ಕೈಕೈ ಹಿಡಿದು ಕುಣಿಯುವವರಿದ್ದಾರೆ, ಎತ್ತರದ ಪೀಠದಲ್ಲಿ ಕುಳಿತು ಪಾಠ ಹೇಳುವ ಉಪಾಧ್ಯಾಯನೂ ಇದ್ದಾನೆ. (ನಮ್ಮ ವೃತ್ತಿಯವನನ್ನು ಸುರಾಜ್ಯದ ಲಕ್ಷಣಗಳಲ್ಲಿ ಸೇರಿಸಿದ ಆ ಕಲಾವಿದನಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ.) ಎದುರು ಬದಿಯ ದುರಾಜ್ಯದಲ್ಲಿ ಮನೆಗಳು ಪಾಳುಬಿದ್ದಿವೆ, ಕಸುಬು ನಡೆಸುತ್ತಿರುವವನು ಆಯುಧ ಮಾಡುವವನೊಬ್ಬನೇ.

ಹೊರಗೆ ಬಂದು ಕಾಂಪೊ ಚೌಕದ ಇಟ್ಟಿಗೆಯ ಇಳಿಜಾರಿನಲ್ಲಿ ಕುಳಿತಾಗ, ಅವನ ವಾಸ ಎಲ್ಲಿ ಎಂದು ನನ್ನ ಹೆಂಡತಿ ಕೇಳಿದಳು. ಕೋಟೆಯ ಹೊರಗೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ ಎಂದ. ಒಳಗೆ ಕೋಣೆ ಸಿಗಲಿಲ್ಲವೇ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಇಳಿದುಕೊಂಡಿದ್ದೀರಲ್ಲ ಅತ್ತೆ, ಹೋದ ವರ್ಷ ಅದೇ ಮನೆಯನ್ನು ನಾವು ಮೂವರು ಹುಡುಗರು ಕೇಳಿದ್ದೆವು. ಈಗ ಪ್ರವಾಸಿಗಳಿಗೆ ಮಾತ್ರ ಕೊಡುವುದು ಎಂದುಬಿಟ್ಟರು’ ಎಂದ. ಅವನ ಮಾತಿನಲ್ಲಿ ದೂರಿರಲಿಲ್ಲ. ಅವಳು ಆ ರಾತ್ರಿ ಅಡಿಗೆ ಮಾಡಲಿಲ್ಲ.

ನಮ್ಮ ಭಾಷೆಯಲ್ಲಿ ‘ಒಕ್ಕಲು’ ಎಂಬ ಮಾತಿದೆ. ಮನೆಗೆ ಹೊಕ್ಕು ಬಾಳುವುದಕ್ಕೆ ಒಕ್ಕಲಾಗುವುದೆನ್ನುತ್ತೇವೆ, ಬಾಡಿಗೆದಾರನಾದರೂ ಒಕ್ಕಲೇ. ದಾರಿಹೋಕನಿಗೆ ಛತ್ರ, ಬಿಡಾರ ಎಂಬ ಬೇರೆ ಶಬ್ದಗಳಿವೆ. ಛತ್ರವನ್ನು ಛತ್ರವೆಂದೇ ಕಟ್ಟಿದರೆ ಯಾರಿಗೂ ನಷ್ಟವಿಲ್ಲ. ಒಕ್ಕಲಿರಬೇಕಾದ ಮನೆಯನ್ನು ಛತ್ರ ಮಾಡಿದಾಗಲೇ ತೊಡಕು. ನಾನು ಹಣ ಕೊಟ್ಟು ಕೊಂಡದ್ದು ‘ಊರಿನವರಂತೆ ಬಾಳುವ’ ಸುಖವನ್ನು. ಹಾಗೆ ಕೊಂಡದ್ದರಿಂದಲೇ ಊರಿನವನಾಗಬಹುದಾಗಿದ್ದ ಒಬ್ಬ ಹುಡುಗ ಹೊರಗುಳಿದ. ಬೀದಿಯಲ್ಲಿ ಅಂಥ ಹತ್ತು ಮನೆಗಳಾದ ಮೇಲೆ ಜೋಡು ಹೊಲಿಯುವವನಿಗೆ ಗಿರಾಕಿಯಿಲ್ಲ, ಶಾಲೆಗೆ ಮಕ್ಕಳಿಲ್ಲ. ಅಂಗಡಿಗಳಲ್ಲಿ ಉಳಿಯುವುದು ನೆನಪಿನ ಬೊಂಬೆಗಳು.

ವೆನಿಸ್ಸಿನ ದ್ವೀಪನಗರದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು; 2022ರಲ್ಲಿ ಅವರ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಅಲ್ಲಿಯ ಒಂದು ಔಷಧದ ಅಂಗಡಿಯ ಕಿಟಕಿಯಲ್ಲಿ, ಊರಿನಲ್ಲಿ ಉಳಿದಿರುವ ನಿವಾಸಿಗಳ ಲೆಕ್ಕವನ್ನು ತೋರಿಸುವ ಫಲಕವನ್ನು 2008ರಲ್ಲಿ ಇಟ್ಟರು. ರೋಗಿಯ ನಾಡಿಯನ್ನು ಬರೆದಿಡುವ ಹಾಗೆ. ಈ ಇಳಿತಕ್ಕೆಲ್ಲ ಪ್ರವಾಸಿಗಳ ಮನೆಗಳೇ ಕಾರಣವೆಂದರೆ ತಪ್ಪಾದೀತು. ನೆರೆಯ ಕಾಟ, ದುಬಾರಿ ಜೀವನ, ಕೆಲಸಗಳ ಅಭಾವ ಬಹು ಹಿಂದಿನವು. ಆದರೆ ಹೋದವರು ಮರಳಿ ಬರಲು ಇದ್ದ ಬಾಗಿಲನ್ನು ಈ ವ್ಯಾಪಾರ ಮುಚ್ಚುತ್ತಿದೆ.

ಯಜಮಾನರ ಪಕ್ಷವನ್ನೂ ಹೇಳಬೇಕು. ಅಲ್ಲಿ ಸಾಧಾರಣ ವಾಸದ ಕರಾರೆಂದರೆ ನಾಲ್ಕು ವರ್ಷ, ಅದರ ಮೇಲೆ ಮತ್ತೆ ನಾಲ್ಕು. ಬಾಡಿಗೆ ನಿಲ್ಲಿಸಿದವನನ್ನು ಬಿಡಿಸುವುದು ನ್ಯಾಯಾಲಯದ ದೀರ್ಘ ಕೆಲಸ. ಹಳೆಯ ಕಟ್ಟಡದ ದುರಸ್ತಿಯೋ ದುಬಾರಿ. ಆರು ದಿನಕ್ಕೊಬ್ಬ ಮುಂಗಡ ಕೊಟ್ಟು ಬಂದು, ತಕರಾರಿಲ್ಲದೆ ಹೊರಟುಹೋಗುವ ಅತಿಥಿಯನ್ನು ಯಾವ ಗೃಹಸ್ಥ ಬೇಡವೆಂದಾನು? ಆದುದರಿಂದ ಇದನ್ನು ಒಬ್ಬೊಬ್ಬರ ಸೌಜನ್ಯಕ್ಕೆ ಬಿಡುವುದರಲ್ಲಿ ಅರ್ಥವಿಲ್ಲ; ಮಿತಿಯನ್ನು ನಗರವೇ ಹಾಕಬೇಕು. ಫ್ಲಾರೆನ್ಸ್ 2023ರಲ್ಲಿ ತನ್ನ ಹಳೆಯ ನಗರಭಾಗದಲ್ಲಿ ಇಂಥ ಹೊಸ ಮನೆಗಳನ್ನು ತಡೆಯಲು ಮುಂದಾಯಿತು. ನಗರಗಳು ಮಿತಿ ವಿಧಿಸಬಹುದೆಂದು ಟಸ್ಕನಿ ಪ್ರಾಂತ್ಯ 2024ರ ಕೊನೆಯಲ್ಲಿ ಶಾಸನ ಮಾಡಿತು. 2025ರಿಂದ ಇಟಲಿಯಲ್ಲೆಲ್ಲ ಇಂಥ ಪ್ರತಿಯೊಂದು ಮನೆಗೂ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಸ್ವತ್ತಿನ ಹಕ್ಕಿಗೆ ಇದು ಧಕ್ಕೆಯೆಂದು ಕೂಗೆದ್ದಿದೆ. ನನಗೆ ಹಾಗೆ ತೋರುವುದಿಲ್ಲ. ಆ ಮನೆಗೆ ಬೆಲೆ ಬಂದದ್ದು ಯಜಮಾನನೊಬ್ಬನಿಂದಲ್ಲ. ಆ ಬೀದಿಯಲ್ಲಿ ಬಾಳಿದ ತಲೆಮಾರುಗಳಿಂದ.

ಮನೆಯ ವಿಚಾರ ಕೇಳುವವರಿಗೆ ನಾನು ಕೊಡಬಲ್ಲ ಉತ್ತರವಿಷ್ಟು: ಯಜಮಾನರು ಅದೇ ಮನೆಯಲ್ಲಿದ್ದು ಕೋಣೆಯೊಂದನ್ನು ಕೊಡುವುದಾದರೆ ಅಲ್ಲಿಗೆ ಹೋಗಿ, ಇಲ್ಲವಾದರೆ ಹೋಟಲು ಸಾಕು. ಗುರುತಿನ ಸಂಖ್ಯೆಯಿಲ್ಲದ ಮನೆಯ ಗೋಜಿಗೆ ಹೋಗಬೇಡಿ. ಹುಳಿಯನ್ನು ಊರಿಗೆ ಬಂದ ಮೇಲೆ ಮಾಡಿಕೊಳ್ಳಬಹುದು.

ಹೊರಡುವ ದಿನ ಬೆಳಿಗ್ಗೆ ಅಳಿಯ ಬರುವುದು ತಡವಾಯಿತು, ಬಸ್ಸು ಸಿಕ್ಕಲಿಲ್ಲವಂತೆ. ನಮ್ಮ ಪೆಟ್ಟಿಗೆಗಳನ್ನು ಅವನೇ ಕೆಳಗಿಳಿಸಿದ. ಬೀಗದ ಕೈಯನ್ನು ಗೋಡೆಯ ಪೆಟ್ಟಿಗೆಯಲ್ಲಿಟ್ಟು ಅಂಕಿಗಳನ್ನು ಕದಲಿಸುತ್ತಿರುವಾಗ, ಬೆನ್ನಿಗೆ ಚೀಲ ಹಾಕಿಕೊಂಡ ದಂಪತಿಗಳಿಬ್ಬರು ಕೈಯಲ್ಲಿದ್ದ ವಿಳಾಸವನ್ನೂ ಬಾಗಿಲ ಸಂಖ್ಯೆಯನ್ನೂ ಹೋಲಿಸಿ ನೋಡುತ್ತ ಪಕ್ಕದಲ್ಲಿ ನಿಂತಿದ್ದರು.