1900ರಲ್ಲಿ ಫೆಬ್ರವರಿ 29 ಇತ್ತೇ?

ಮಕ್ಕಳೇ, ಈ ಪ್ರಶ್ನೆಯನ್ನು ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ‘ನಾಲ್ಕರಿಂದ ಭಾಗವಾಗುತ್ತಲ್ಲ, ಇದ್ದೇ ಇರುತ್ತೆ’ ಎನ್ನುವವರೇ ಹೆಚ್ಚು. ನಾವು ಈಗ ಬಳಸುವ ಕ್ಯಾಲೆಂಡರಿನ ಪ್ರಕಾರ ಇರಲಿಲ್ಲ. ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಈ ಪ್ರಶ್ನೆಯಲ್ಲಿ ಸಿಕ್ಕಿಬಿದ್ದ ಒಬ್ಬ ಹುಡುಗಿಯ ಕಥೆ ಮೊದಲು.

ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಬರೆದುಕೊಡುವ ಸೂಚನೆಗಳೇ ಪ್ರೋಗ್ರಾಂ. ಅದನ್ನು ಕಲಿಯುವವರಿಗಾಗಿ ಕಟ್ರೀನಾ ಓವೆನ್ ಎಂಬುವರು 2013ರಲ್ಲಿ ‘ಎಕ್ಸರ್ಸಿಸಂ’ ಎಂಬ ಜಾಲತಾಣ ಶುರುಮಾಡಿದರು. ಪೈಥಾನ್, ಜಾವಾಸ್ಕ್ರಿಪ್ಟ್ ಅಂತ 60ಕ್ಕೂ ಹೆಚ್ಚು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅಲ್ಲಿ ಅಭ್ಯಾಸದ ಲೆಕ್ಕಗಳಿವೆ. ದುಡ್ಡು ಕೊಡಬೇಕಿಲ್ಲ. ನೀವು ಬರೆದು ಕಳಿಸಿದ್ದನ್ನು ಎಲ್ಲೋ ದೂರದಲ್ಲಿರುವ ಒಬ್ಬರು ಓದಿ, ನಿಮ್ಮ ಜೊತೆ ಮಾತಾಡುತ್ತಾರೆ. ಅವರಿಗೆ ಮೆಂಟರ್ ಎನ್ನುತ್ತಾರೆ. ಸಂಬಳವಿಲ್ಲದ ಕೆಲಸ. ರಾತ್ರಿ ಊಟವಾದ ಮೇಲೆ ನಾನೂ ಒಂದು ಗಂಟೆ ಅಲ್ಲಿ ಕೂರುತ್ತೇನೆ.

ಅಲ್ಲಿನ ಶುರುವಿನ ಲೆಕ್ಕಗಳಲ್ಲಿ ಒಂದು ಅಧಿಕ ವರ್ಷದ್ದು. ಇಸವಿ ಕೊಟ್ಟರೆ ಅದು ಅಧಿಕ ವರ್ಷ ಹೌದೋ ಅಲ್ಲವೋ ಎಂದು ಪ್ರೋಗ್ರಾಂ ಹೇಳಬೇಕು. 10ನೇ ತರಗತಿಯ ಈ ಹುಡುಗಿ ಒಂದೇ ಸಾಲು ಬರೆದಿದ್ದಳು: ನಾಲ್ಕರಿಂದ ಭಾಗವಾದರೆ ಹೌದು. ಪರೀಕ್ಷೆಗೆ ಇಟ್ಟಿದ್ದ ಇಸವಿಗಳಲ್ಲಿ 1900ಕ್ಕೆ ಕೆಂಪು ಗುರುತು ಬಂತು. ಅದಕ್ಕೂ ಮೊದಲು ಅವಳು ಬೇರೆಲ್ಲೋ ಕೇಳಿದ್ದಳಂತೆ. ‘ಇಷ್ಟೂ ಗೊತ್ತಿಲ್ಲದೆ ಯಾಕೆ ಬಂದೆ?’ ಎಂಬ ಒಂದು ಸಾಲಿನ ಉತ್ತರ ಸಿಕ್ಕಿತ್ತು. ನನಗೆ ಹೀಗೆ ಬರೆದಳು: ‘ಸರ್, ಇದು ನನ್ನಂಥವಳಿಗಲ್ಲ ಅಂತ ಗೊತ್ತಾಯ್ತು. ಇದೊಂದು ಮುಗಿಸಿ ಬಿಟ್ಟುಬಿಡ್ತೀನಿ. ಉತ್ತರ ಹೇಳಿಬಿಡಿ.’

ಉತ್ತರ ಅರ್ಧ ಸಾಲು. ಬೆರಳು ತುರಿಸುತ್ತದೆ ಬರೆದುಬಿಡೋಣ ಅಂತ. ಮೆಂಟರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಬರೆದುಕೊಟ್ಟರೆ ಕೆಂಪು ಹೋಗಿ ಹಸಿರು ಬರುತ್ತದೆ, ಆದರೆ ಗೆದ್ದವನು ನಾನಾಗುತ್ತೇನೆ. ಅವಳು ಹೇಳಿದ ಹಾಗೇ ಬಿಟ್ಟು ಹೋಗುತ್ತಾಳೆ.

‘ನಿನ್ನ ಸಾಲು 2023ಕ್ಕೂ 2024ಕ್ಕೂ ಸರಿಯಾಗಿಯೇ ಹೇಳುತ್ತದಲ್ಲಮ್ಮ, ಅರ್ಧ ದಾರಿ ಬಂದಿದ್ದೀಯ. ಈಗ ಅದನ್ನು ಮನೆಯಲ್ಲಿ ಯಾರಿಗಾದರೂ ಬಾಯಲ್ಲಿ ವಿವರಿಸಿ ಹೇಳು. ಅವರಿಗೆ ಕಂಪ್ಯೂಟರ್ ಬರದಿದ್ದರೆ ಇನ್ನೂ ಒಳ್ಳೆಯದು’ ಎಂದು ಬರೆದೆ.

ತಮಾಷೆಗೆ ಹೇಳಿದ್ದಲ್ಲ. 1999ರಲ್ಲಿ ಬಂದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಲ್ಲಿ, ಜೊತೆಗೊಂದು ರಬ್ಬರ್ ಬಾತುಕೋಳಿ ಇಟ್ಟುಕೊಂಡಿದ್ದ ಪ್ರೋಗ್ರಾಮರ್ ಬರುತ್ತಾನೆ. ಎಲ್ಲಾದರೂ ಸಿಕ್ಕಿಕೊಂಡರೆ ತಾನು ಬರೆದದ್ದನ್ನು ಸಾಲುಸಾಲಾಗಿ ಬಾತುಕೋಳಿಗೆ ವಿವರಿಸಬೇಕು. ವಿವರಿಸುತ್ತಿದ್ದ ಹಾಗೇ ತಪ್ಪು ತಾನೇ ಕಣ್ಣಿಗೆ ಬೀಳುತ್ತದೆ. ನಮ್ಮ ಮನೆಗಳಲ್ಲಿ ರಬ್ಬರ್ ಬಾತುಕೋಳಿ ಇಲ್ಲದಿದ್ದರೇನು, ಅಜ್ಜ ಅಜ್ಜಿ ಇದ್ದಾರೆ. ಅವರು ತಿರುಗಿ ಪ್ರಶ್ನೆಯನ್ನೂ ಕೇಳುತ್ತಾರೆ!

ಅವಳ ಅಜ್ಜನೂ ಕೇಳಿದರು. ‘ಚಂದ್ರನ ಲೆಕ್ಕ ಸೂರ್ಯನ ಲೆಕ್ಕಕ್ಕೆ ಹೊಂದಲಿ ಅಂತ ನಮ್ಮ ಪಂಚಾಂಗದವರು ಎರಡೂವರೆ ಮೂರು ವರ್ಷಕ್ಕೊಂದು ಅಧಿಕಮಾಸ ಸೇರಿಸ್ತಾರೆ. ಇವರು ಒಂದು ದಿನ ಸೇರಿಸೋದು ಯಾವ ಲೆಕ್ಕ ಹೊಂದಿಸೋಕೆ ಪುಟ್ಟಿ?’

ಪುಟ್ಟಿಗೆ ಗೊತ್ತಿರಲಿಲ್ಲ. ಹುಡುಕಿದಳು. ಒಂದು ವರ್ಷವೆಂದರೆ 365 ದಿನ, ಮೇಲೆ ಸುಮಾರು 5 ಗಂಟೆ 49 ನಿಮಿಷ. ಪೂರ್ತಿ 6 ಗಂಟೆ ಇದ್ದಿದ್ದರೆ ನಾಲ್ಕು ವರ್ಷಕ್ಕೊಂದು ದಿನ ಸೇರಿಸಿದರೆ ಸರಿಹೋಗುತ್ತಿತ್ತು. 11 ನಿಮಿಷ ಕಡಿಮೆ ಇರುವುದರಿಂದ 400 ವರ್ಷಕ್ಕೆ ಸುಮಾರು 3 ದಿನ ಹೆಚ್ಚಾಗಿಬಿಡುತ್ತದೆ. ಅದಕ್ಕೇ 1582ರಲ್ಲಿ ಪೋಪ್ ಗ್ರೆಗರಿ ಜಾರಿಗೆ ತಂದ ಕ್ಯಾಲೆಂಡರಿನಲ್ಲಿ, ನೂರರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. 1700, 1800, 1900 ಮೂರೂ ಅಲ್ಲ, 2000 ಹೌದು. ಹೆಚ್ಚಾಗಿದ್ದ ಮೂರು ದಿನ ಹೋಯಿತಲ್ಲ! 2100ರ ವಿಷಯ ನೀವೇ ಲೆಕ್ಕಹಾಕಿ.

ಹೊಸದಾಗಿ ಬರೆದು ಕಳಿಸಿದಳು. 1900 ಹಸಿರು, ಈಗ 2000 ಕೆಂಪು! ನೂರರ ನಿಯಮವನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದರಿಂದ ಕಂಪ್ಯೂಟರ್ ಅಲ್ಲೇ ‘ಅಲ್ಲ’ ಎಂದು ನಿಂತುಬಿಡುತ್ತಿತ್ತು, 400ರವರೆಗೆ ಹೋಗುತ್ತಲೇ ಇರಲಿಲ್ಲ. ‘2000ವನ್ನು ನೀನೇ ಕಂಪ್ಯೂಟರ್ ಆಗಿ ಮೇಲಿನಿಂದ ಓದಿಕೊಂಡು ಬಾ’ ಎಂದಷ್ಟೇ ಬರೆದೆ. ಹತ್ತು ನಿಮಿಷಕ್ಕೆ ಎಲ್ಲವೂ ಹಸಿರು. ಬಿಟ್ಟುಬಿಡುವ ಮಾತು ಆಮೇಲೆ ಬರಲಿಲ್ಲ, ನಾನೂ ನೆನಪಿಸಲಿಲ್ಲ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಕಂಪ್ಯೂಟರ್ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಳ್ಳಿ. ‘ಇದು ಏನು ಮಾಡಬೇಕಿತ್ತು? ಈಗ ಏನು ಮಾಡ್ತಿದೆ?’ ಈ ಎರಡು ಪ್ರಶ್ನೆ ಸಾಕು. ಪಕ್ಕದಲ್ಲಿ ಕೂತರೆ ಇನ್ನೊಂದು ಉಪಯೋಗವೂ ಇದೆ. ಆ ಕಡೆಯಿಂದ ಯಾರಾದರೂ ಮಗುವಿನ ಫೋನ್ ನಂಬರ್, ಫೋಟೋ, ಶಾಲೆಯ ಹೆಸರು ಕೇಳಿದರೆ ನಿಮಗೆ ತಿಳಿಯುತ್ತದೆ. ಲೆಕ್ಕ ಕಲಿಸಲು ಅದ್ಯಾವುದೂ ಬೇಕಿಲ್ಲ. ಕೇಳಿದವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿಬಿಡಿ.

ಹುಡುಗಿ ಈಗ ರೋಮನ್ ಅಂಕಿಗಳ ಲೆಕ್ಕಕ್ಕೆ ಬಂದಿದ್ದಾಳೆ. ಅಜ್ಜನ ಗೋಡೆ ಗಡಿಯಾರದಲ್ಲಿ ನಾಲ್ಕನ್ನು ನಾಲ್ಕು ಗೀಟು ಎಳೆದು ಬರೆದಿದೆಯಂತೆ, ಲೆಕ್ಕದಲ್ಲಿ ಬೇರೆ ಥರ ಇದೆಯಂತೆ. ಯಾವುದು ಸರಿ ಎಂದು ನಿನ್ನೆ ಕೇಳಿದ್ದಾಳೆ. ನಾನಿನ್ನೂ ಉತ್ತರ ಬರೆದಿಲ್ಲ.