ಸುಪ್ತಮನಸ್ಸನ್ನು ಕೆದಕುವ ಚಿಕಿತ್ಸೆ ಇಂದಿಗೂ ಬೇಕೇ?

ಪರ

ಮಾತ್ರೆ ನುಂಗಿದ್ದಾಯಿತು, ಕೆಲವು ವಾರ ಯೋಚನೆಯ ರೂಢಿ ತಿದ್ದುವ ಸಿಬಿಟಿ ಚಿಕಿತ್ಸೆಯೂ ಆಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಖಿನ್ನತೆ. ಇಂಥವರಿಗೆ ಏನು ಹೇಳಿ ಕಳಿಸುತ್ತೀರಿ?

ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ ಎತ್ತಿಕೊಂಡದ್ದು ಈ ಪ್ರಶ್ನೆಯನ್ನೇ. ಕನಿಷ್ಠ ಎರಡು ಚಿಕಿತ್ಸೆ ಪಡೆದೂ ಗುಣ ಕಾಣದ 129 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ; ಇನ್ನೊಂದಕ್ಕೆ ಅದರ ಜೊತೆಗೆ ವಾರಕ್ಕೊಮ್ಮೆಯಂತೆ 18 ತಿಂಗಳ ಮನೋವಿಶ್ಲೇಷಣೆ, ಎಂದರೆ ಸುಪ್ತಮನಸ್ಸನ್ನು ಕೆದಕುವ ಮಾತಿನ ಚಿಕಿತ್ಸೆ. ಚಿಕಿತ್ಸೆ ಮುಗಿದಾಗ, ಪೂರ್ತಿ ಗುಣವಾದವರ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆಮೇಲೂ ಎರಡು ವರ್ಷ ಅವರನ್ನು ವಿಚಾರಿಸುತ್ತಲೇ ಇದ್ದರು. ಆಗ ವಿಶ್ಲೇಷಣೆ ಪಡೆದವರಲ್ಲಿ ಶೇ 30 ಮಂದಿ ಭಾಗಶಃ ಗುಣವಾಗಿದ್ದರು, ಉಳಿದ ಗುಂಪಿನಲ್ಲಿ ಶೇ 4.4. ಇದು 2015ರಲ್ಲಿ ಪ್ರಕಟವಾದ ಫಲಿತಾಂಶ. ವರ್ಷಗಟ್ಟಲೆ ಹಾಸಿಗೆ ಬಿಟ್ಟೇಳಲಾಗದವರ ಮಟ್ಟಿಗೆ 'ಭಾಗಶಃ' ಎಂಬುದು ಸಣ್ಣ ಮಾತಲ್ಲ.

ಫಲ ಇಷ್ಟು ತಡವಾಗಿ ಏಕೆ ಕಾಣುತ್ತದೆ? ಯಾರನ್ನು ಹಚ್ಚಿಕೊಂಡರೂ ಅವರು ಬಿಟ್ಟುಹೋಗುವ ಮೊದಲೇ ತಾನೇ ಜಗಳ ತೆಗೆದು ದೂರವಾಗುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಚಿಕಿತ್ಸಕಿ ಹದಿನೈದು ದಿನ ರಜೆ ಎಂದರೆ ಸಾಕು, ರಜೆಗೆ ಮೊದಲಿನ ವಾರವೇ ಇವಳು ಬರುವುದಿಲ್ಲ. ಮುಂದೆ ಬಂದಾಗ ಚಿಕಿತ್ಸಕಿ ಕೇಳುತ್ತಾಳೆ: "ನಾನು ಹೋಗುವ ಮೊದಲೇ ನೀವು ಹೋಗಿಬಿಟ್ಟಿರಲ್ಲ?" ಫ್ರಾಯ್ಡ್ ಗುರುತಿಸಿದ ಭಾವವರ್ಗಾವಣೆ ಇದೇ. ಹಳೆಯ ಭಯ ಎದುರಿಗಿರುವವರ ಮೇಲೆ ಜೀವಂತವಾಗಿ ಮೂಡುತ್ತದೆ. ಆ ಗಳಿಗೆಯಲ್ಲೇ ಅದನ್ನು ಹಿಡಿದು ಮಾತಾಡಬೇಕು, ಮತ್ತೆ ಮತ್ತೆ ಮಾತಾಡಬೇಕು. ಹತ್ತು ಭೇಟಿಗಳಲ್ಲಿ ಆಗುವ ಕೆಲಸ ಇದಲ್ಲ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ 1967ರಿಂದಲೂ ಇಂಥ ಚಿಕಿತ್ಸೆಯ ಖರ್ಚು ಕೊಡುತ್ತಾ ಬಂದಿದೆ.

ವಿರೋಧ

ನನ್ನ ಮನಸ್ಸಿನಲ್ಲಿ ಕೂತಿರುವುದು ಅಮೆರಿಕದ ವೈದ್ಯ ರಫಾಯಲ್ ಓಶರಾಫ್ ಅವರ ಪ್ರಕರಣ. ಕಿಡ್ನಿ ತಜ್ಞರಾಗಿದ್ದ ಅವರು ತೀವ್ರ ಖಿನ್ನತೆಯಿಂದ 1979ರಲ್ಲಿ ಮೇರಿಲ್ಯಾಂಡಿನ ಚೆಸ್ಟ್‌ನಟ್ ಲಾಡ್ಜ್ ಆಸ್ಪತ್ರೆ ಸೇರಿದರು. ಅಲ್ಲಿ ಸುಮಾರು ಏಳು ತಿಂಗಳು ಮನೋವಿಶ್ಲೇಷಣೆ ನಡೆಯಿತು. ಖಿನ್ನತೆಯ ಔಷಧಿ ಕೊಡಲಿಲ್ಲ. ತೂಕ ಹದಿನೆಂಟು ಕಿಲೋದಷ್ಟು ಇಳಿಯಿತು. ನಿಲ್ಲಲಾಗದೆ ಅತ್ತಿಂದಿತ್ತ ನಡೆದೂ ನಡೆದೂ ಪಾದಗಳಲ್ಲಿ ಬೊಬ್ಬೆ ಎದ್ದವು. ಮನೆಯವರು ಬೇರೆ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಔಷಧಿ ಶುರುವಾದ ಮೂರು ವಾರಕ್ಕೆ ಚೇತರಿಕೆ ಕಂಡಿತು, ಮೂರು ತಿಂಗಳಲ್ಲಿ ಮನೆಗೆ ಬಂದರು. ಅವರು ಚೆಸ್ಟ್‌ನಟ್ ಲಾಡ್ಜ್ ಮೇಲೆ ಹೂಡಿದ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಕಾರಣ ಅಗೆಯುತ್ತಾ ಕೂತವರಿಗೆ ಕಣ್ಣೆದುರಿನ ಕಾಯಿಲೆ ಕಾಣಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಇಂದು ಯಾರೂ ಹಾಗೆ ಮಾಡುವುದಿಲ್ಲ ಎನ್ನಬಹುದು, ಒಪ್ಪುತ್ತೇನೆ. ಆದರೆ ಗೀಳು ಕಾಯಿಲೆಯವರಿಗೆ, ಕೊಳೆಯೆಂದು ಹೆದರುವ ವಸ್ತುವನ್ನು ಮುಟ್ಟಿಸಿ, ಕೈತೊಳೆಯದೆ ಇರಲು ಅಭ್ಯಾಸ ಮಾಡಿಸುವ ಚಿಕಿತ್ಸೆ ಫಲ ಕೊಡುತ್ತದೆಂದು ಗೊತ್ತಿದ್ದೂ ಬಾಲ್ಯದ ಕಥೆ ಕೆದಕುತ್ತಾ ಕೂರುವುದು ಅನ್ಯಾಯವೇ. ಟ್ಯಾವಿಸ್ಟಾಕ್ ಅಧ್ಯಯನದಲ್ಲಿಯೂ ಹೋಲಿಕೆ ಮಾಮೂಲಿ ಚಿಕಿತ್ಸೆಯ ಜೊತೆಗಷ್ಟೇ. ಅಷ್ಟೇ ಕಾಲ, ಅಷ್ಟೇ ಅಕ್ಕರೆಯಿಂದ ನಡೆದ ಬೇರೊಂದು ಚಿಕಿತ್ಸೆಯನ್ನು ಎದುರಿಗಿಟ್ಟು ನೋಡಿಲ್ಲ. ಫಲ ಕೊಟ್ಟದ್ದು ಸುಪ್ತಮನಸ್ಸಿನ ಶೋಧವೋ, ಒಂದೂವರೆ ವರ್ಷ ಯಾರೋ ಕಿವಿಗೊಟ್ಟು ಕೇಳಿದ್ದೋ?

ನಮ್ಮ ದೇಶದ ಲೆಕ್ಕವೇ ಬೇರೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆಯಾ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ದಾರಿ ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಮಾದರಿಯಿಂದಲೇ ಬೆಳೆದದ್ದು. ವಾರಕ್ಕೊಂದು ದಿನದ ಕೂಲಿ ಕಳೆದುಕೊಂಡು 18 ತಿಂಗಳು ಬಾ ಎಂದು ಕೂಲಿ ಹೆಂಗಸಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಯಾವುದರಿಂದಲೂ ಗುಣ ಕಾಣದವರಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಮನೋವಿಶ್ಲೇಷಣೆ ಇರಲಿ. ಸರ್ಕಾರದ ಹಣ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಲಿ.